ಮೊಬೈಲು ತನ್ನ ನೆಟ್‌ವರ್ಕನ್ನು ಆರಿಸಿಕೊಳ್ಳುವ ಬಗೆ, ಅದು ತಪ್ಪಿದಾಗ ನಾವು ಮಾಡಬೇಕಾದದ್ದು

ಕರೆ ಕಡಿತಗೊಂಡಾಗ ಅಥವಾ ಇಂಟರ್‌ನೆಟ್ ನಿಂತುಹೋದಾಗ ನಾವು ಮೊದಲು ನೋಡುವುದು ಪರದೆಯ ಮೇಲ್ತುದಿಯಲ್ಲಿರುವ ಸಿಗ್ನಲ್ ಕಡ್ಡಿಗಳನ್ನು. ಕಡ್ಡಿ ಕಡಿಮೆಯಿದ್ದರೆ ಟವರ್ ದೂರವಿದೆ ಎಂದೂ, ಪೂರ್ತಿಯಿದ್ದರೆ ಎಲ್ಲವೂ ಸರಿಯಾಗಿದೆ ಎಂದೂ ಭಾವಿಸುತ್ತೇವೆ. ಆದರೆ ಮೊಬೈಲು ನೆಟ್‌ವರ್ಕನ್ನು ಆರಿಸಿಕೊಳ್ಳುವಾಗ ಸಿಗ್ನಲ್ಲಿನ ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಹುಮಟ್ಟಿಗೆ ಕೊನೆಯಲ್ಲಿ. ಅದಕ್ಕೂ ಮುಂಚೆ ಎರಡು ಸಂಗತಿಗಳು ಇತ್ಯರ್ಥವಾಗಬೇಕು: ಈ ಸಿಮ್‌ಗೆ ಯಾವ ಕಂಪನಿಯ ನೆಟ್‌ವರ್ಕ್ ಸೇರಲು ಅನುಮತಿಯಿದೆ ಎಂಬುದು ಒಂದು, ಆ ಕಂಪನಿ ತನ್ನ ಹಲವು ಬ್ಯಾಂಡ್‌ಗಳಲ್ಲಿ, ಅಂದರೆ ರೇಡಿಯೊ ಆವರ್ತನಗಳ ಗುಂಪುಗಳಲ್ಲಿ, ಯಾವುದನ್ನು ಮುಂದೆ ಇಟ್ಟಿದೆ ಎಂಬುದು ಇನ್ನೊಂದು. ಇವೆರಡೂ ತೀರ್ಮಾನವಾದ ಮೇಲಷ್ಟೇ ಯಾವ ಟವರ್ ಬಲವಾಗಿ ಕೇಳಿಸುತ್ತಿದೆ ಎಂಬ ಮಾತು ಬರುತ್ತದೆ. ತೊಂದರೆ ಈ ಮೂರರಲ್ಲಿ ಎಲ್ಲಿ ಹುಟ್ಟಿದೆ ಎಂದು ಗೊತ್ತಾದರೆ ಪರಿಹಾರವೂ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಕಿಟಕಿಯ ಬಳಿ ನಿಲ್ಲುವುದು, ಫೋನ್ ಆಫ್ ಮಾಡಿ ಆನ್ ಮಾಡುವುದು, ಕೊನೆಗೆ ಹೊಸ ಫೋನನ್ನೇ ಕೊಳ್ಳುವುದು ಎಂಬ ಸರಣಿ ಮುಂದುವರಿಯುತ್ತಲೇ ಇರುತ್ತದೆ.

ಸಿಮ್ಮಿನೊಳಗಿನ ಪಟ್ಟಿಗಳು

ಪ್ರತಿ ಸಿಮ್‌ನಲ್ಲಿಯೂ ಐಎಂಎಸ್ಐ ಎಂಬ ಸಂಖ್ಯೆಯೊಂದು ಇರುತ್ತದೆ. ಸಾಮಾನ್ಯವಾಗಿ 15 ಅಂಕಿಗಳಿರುವ ಈ ಸಂಖ್ಯೆಗೂ ನಾವು ಪರಸ್ಪರ ಹಂಚಿಕೊಳ್ಳುವ ಮೊಬೈಲ್ ನಂಬರಿಗೂ ಸಂಬಂಧವಿಲ್ಲ. ಅದರ ಮೊದಲ ಮೂರು ಅಂಕಿಗಳು ದೇಶವನ್ನೂ, ಮುಂದಿನ ಎರಡು ಅಥವಾ ಮೂರು ಅಂಕಿಗಳು ಕಂಪನಿಯನ್ನೂ ಅದರ ವಲಯವನ್ನೂ (ದೂರಸಂಪರ್ಕ ಸೇವೆಗಾಗಿ ದೇಶವನ್ನು ಹಂಚಿಕೊಂಡ ಪ್ರಾದೇಶಿಕ ವಿಭಾಗ) ಹೇಳುತ್ತವೆ. ಭಾರತದ ಸಂಕೇತ 404 ಮತ್ತು 405. ಕರ್ನಾಟಕ ವಲಯದಲ್ಲಿ 404-45 ಏರ್‌ಟೆಲ್‌ನದು, 404-71 ಬಿಎಸ್‌ಎನ್‌ಎಲ್‌ನದು, 404-86 ಮೊದಲು ವೊಡಾಫೋನ್‌ನದಾಗಿತ್ತು, 404-44 ಐಡಿಯಾದ್ದಾಗಿತ್ತು, 405-861 ಜಿಯೋದು. ಪ್ರತಿ ಟವರ್ ತನ್ನ ಈ ಸಂಕೇತವನ್ನು ಬಿಡುವಿಲ್ಲದೆ ಪ್ರಸಾರ ಮಾಡುತ್ತಲೇ ಇರುತ್ತದೆ. ಫೋನ್ ಅದನ್ನು ಆಲಿಸಿ ತನ್ನ ಸಿಮ್ಮಿನ ಸಂಕೇತದೊಂದಿಗೆ ತಾಳೆ ನೋಡುತ್ತದೆ.

ಆದ್ದರಿಂದ ನಿಮ್ಮ ನಂಬರಿನ ಮೊದಲ ಅಂಕಿಗಳನ್ನು ನೋಡಿ ನೆಟ್‌ವರ್ಕ್ ಯಾವುದೆಂದು ಊಹಿಸುವ ಕಾಲ ಮುಗಿದಿದೆ. ಬೆಂಗಳೂರಿನ ಹಳಬರಲ್ಲಿ ಅನೇಕರ ಬಳಿ ಇಂದಿಗೂ ಇರುವ 9845 ಸರಣಿಯ ನಂಬರುಗಳು ಮೊದಲಿಗೆ ಏರ್‌ಟೆಲ್‌ನವು. 2011ರ ಜನವರಿಯಲ್ಲಿ ನಂಬರ್ ಪೋರ್ಟಬಿಲಿಟಿ ದೇಶವ್ಯಾಪಿಯಾಗಿ ಜಾರಿಗೆ ಬಂದ ಮೇಲೆ ಅದೇ ನಂಬರು ಯಾವ ಕಂಪನಿಯ ಸಿಮ್‌ನಲ್ಲಾದರೂ ಇರಬಹುದು. ಫೋನಿಗೆ ನಂಬರು ಮುಖ್ಯವಲ್ಲ, ಐಎಂಎಸ್ಐ ಮುಖ್ಯ.

ಫೋನ್ ಆನ್ ಆದಾಗ ಮೊದಲು ಕೊನೆಯ ಸಲ ನೋಂದಣಿಯಾಗಿದ್ದ ನೆಟ್‌ವರ್ಕನ್ನು, ಅದೂ ಹಿಂದೆ ಬಳಸಿದ್ದ ಆವರ್ತನದಲ್ಲಿಯೇ, ಹುಡುಕುತ್ತದೆ. ಮನೆಯಲ್ಲಿ ಫೋನನ್ನು ಆಫ್ ಮಾಡಿ ಅಲ್ಲಿಯೇ ಆನ್ ಮಾಡಿದರೆ ಕೆಲವೇ ಸೆಕೆಂಡುಗಳಲ್ಲಿ ಸಿಗ್ನಲ್ ಬರುವುದೂ, ದೂರದ ಊರಿನಿಂದ ಬಂದು ದೇವನಹಳ್ಳಿಯಲ್ಲಿ ವಿಮಾನವಿಳಿದಾಗ ತಡವಾಗುವುದೂ ಇದೇ ಕಾರಣದಿಂದ: ಹಳೆಯ ವಿಳಾಸದಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅದು ಎಲ್ಲ ಬ್ಯಾಂಡ್‌ಗಳನ್ನೂ ಒಂದೊಂದಾಗಿ ಜಾಲಾಡಬೇಕಾಗುತ್ತದೆ. ಹಳೆಯದು ಸಿಗದಿದ್ದರೆ ಅಂತರರಾಷ್ಟ್ರೀಯ ಮಾನದಂಡವೊಂದು ಗೊತ್ತುಪಡಿಸಿದ ಕ್ರಮ ಆರಂಭವಾಗುತ್ತದೆ. ಮೊದಲು ಸಿಮ್ಮಿನ ತವರು ನೆಟ್‌ವರ್ಕ್ ಮತ್ತು ಅದಕ್ಕೆ ಸಮಾನವೆಂದು ಕಂಪನಿ ಘೋಷಿಸಿದವು. ಆಮೇಲೆ ಬಳಕೆದಾರರು ಬರೆದಿಟ್ಟ ಪಟ್ಟಿ. ಆಮೇಲೆ ಕಂಪನಿಯೇ ಸಿಮ್‌ನಲ್ಲಿ ಬರೆದಿಟ್ಟ ಪಟ್ಟಿ. ಇಷ್ಟೂ ಮುಗಿದ ಮೇಲೆ ಬಲವಾಗಿ ಕೇಳಿಸುವ ಉಳಿದ ನೆಟ್‌ವರ್ಕ್‌ಗಳಲ್ಲಿ ಯಾವುದೋ ಒಂದು. ಈ ಕೊನೆಯ ಗುಂಪಿನೊಳಗೆ ಆಯ್ಕೆ ಯಾದೃಚ್ಛಿಕ. 4ಜಿಯಲ್ಲಿ −110 ಡಿಬಿಎಂಗಿಂತ (ಡಿಬಿಎಂ ಎಂಬುದು ಸಿಗ್ನಲ್ಲಿನ ಬಲದ ಅಳತೆ) ಮೇಲಿರುವ ಯಾವುದನ್ನಾದರೂ ಬಲವಾದದ್ದೆಂದೇ ಎಣಿಸಲಾಗುತ್ತದೆ, ಆ ಗೆರೆ ದಾಟಿದವುಗಳ ನಡುವೆ ಹೆಚ್ಚು ಕಡಿಮೆ ಎಂಬುದಿಲ್ಲ. ವಿದೇಶಕ್ಕೆ ಹೋದಾಗ ಒಂದೇ ಮನೆಯ ಇಬ್ಬರ ಫೋನುಗಳು ಬೇರೆ ಬೇರೆ ನೆಟ್‌ವರ್ಕ್ ಹಿಡಿಯುವುದರಲ್ಲಿ ವಿಚಿತ್ರವೇನೂ ಇಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮ ಮನೆಯ ಎದುರಿನ ತಾರಸಿಯಲ್ಲಿ ಟವರ್ ಇದೆ ಎಂದ ಮಾತ್ರಕ್ಕೆ ಅದು ನಿಮ್ಮ ಸಿಮ್ಮಿಗೆ ಸಂಬಂಧಪಟ್ಟದ್ದೆಂದು ಹೇಳಲಾಗದು. ನಮ್ಮಲ್ಲಿ ಕಂಬವನ್ನು ಕಟ್ಟಿ ಬಾಡಿಗೆಗೆ ಕೊಡುವ ಕಂಪನಿಗಳು ಬೇರೆ, ಅದರ ಮೇಲೆ ಆಂಟೆನಾ ಕೂರಿಸುವ ಕಂಪನಿಗಳು ಬೇರೆ. ಒಂದೇ ಕಂಬದಲ್ಲಿ ಮೂರು ಕಂಪನಿಗಳು ಇರಬಹುದು, ಒಂದೇ ಇರಲೂಬಹುದು. ಮೆಜೆಸ್ಟಿಕ್‌ನಲ್ಲಿ ನಿಂತ ಪ್ರಯಾಣಿಕನು ಮುಂದೆ ಬಂದು ನಿಂತ ಬಸ್ಸನ್ನೆಲ್ಲ ಹತ್ತದೆ ತನ್ನ ಮಾರ್ಗದ ಬಸ್ಸಿಗಾಗಿ ಕಾಯುವಂತೆ, ಫೋನೂ ಕೂಗಳತೆಯಲ್ಲಿರುವ ಪರರ ಟವರನ್ನು ಬಿಟ್ಟು ದೂರದಲ್ಲಿರುವ ತನ್ನ ಕಂಪನಿಯ ಟವರಿಗೇ ಅಂಟಿಕೊಳ್ಳುತ್ತದೆ. ತನ್ನದು ಎಲ್ಲಿಯೂ ಕೇಳಿಸದಿದ್ದಾಗ ಮಾತ್ರ ಪರರ ಟವರಿನಲ್ಲಿ ನೋಂದಣಿಯಿಲ್ಲದೆ ಸುಮ್ಮನೆ ಕುಳಿತಿರುತ್ತದೆ. ಪರದೆಯ ಮೇಲೆ 'ತುರ್ತು ಕರೆಗಳು ಮಾತ್ರ' ಎಂದು ಕಾಣುವುದು ಆಗಲೇ. ಆ ಸ್ಥಿತಿಯಲ್ಲಿ 112ಕ್ಕೆ ಮಾಡುವ ಕರೆ ಪರರ ಟವರಿನ ಮೂಲಕವೇ ಹೋಗುತ್ತದೆ.

ಅತ್ತಿಬೆಲೆಯ ಆಚೆ

ಹೊಸೂರು ರಸ್ತೆಯಲ್ಲಿ ಅತ್ತಿಬೆಲೆ ದಾಟಿದರೆ ತಮಿಳುನಾಡು ವಲಯ ಆರಂಭವಾಗುತ್ತದೆ, ಅಲ್ಲಿಂದ ಟವರ್‌ಗಳ ಸಂಕೇತವೂ ಬೇರೆ. ಕಂಪನಿ ಒಂದೇ ಆದರೂ ತಾಂತ್ರಿಕವಾಗಿ ಅದು ಬೇರೆ ನೆಟ್‌ವರ್ಕ್. ನೆಟ್‌ವರ್ಕ್ ತಾನು ನೋಂದಾಯಿಸಿಕೊಂಡ ಫೋನಿಗೆ 'ಇವೆಲ್ಲ ನನಗೆ ಸಮಾನ' ಎಂಬ ಪಟ್ಟಿಯೊಂದನ್ನು ಕೊಡುವ ವ್ಯವಸ್ಥೆಯಿರುವುದರಿಂದ ಬಹುತೇಕ ಫೋನುಗಳು ಗಡಿಯನ್ನು ದಾಟಿದ್ದೇ ತಿಳಿಯದಂತೆ ಬದಲಾಗುತ್ತವೆ. ಆದರೂ ಎರಡು ಕಡೆ ಎಡವುವುದುಂಟು. ಕೆಲವು ಫೋನುಗಳು ಬೇರೆ ವಲಯವನ್ನು ರೋಮಿಂಗ್ ಎಂದೇ ಎಣಿಸುತ್ತವೆ. ಅಂಥವುಗಳಲ್ಲಿ 'ಡೇಟಾ ರೋಮಿಂಗ್' ಆಫ್ ಆಗಿದ್ದರೆ ಹೊಸೂರಿನಲ್ಲಿ ಕರೆ ಬರುತ್ತದೆ, ಇಂಟರ್‌ನೆಟ್ ಬರುವುದಿಲ್ಲ. ದೇಶದೊಳಗೆ ಸಂಚರಿಸುವವರು ಅದನ್ನು ಆನ್ ಇಟ್ಟುಕೊಳ್ಳುವುದೇ ಒಳ್ಳೆಯದು; ವಿಮಾನ ಹತ್ತಿ ಹೊರದೇಶಕ್ಕೆ ಹೋಗುವ ಮುನ್ನ ಮಾತ್ರ ನೆನಪಿಟ್ಟುಕೊಂಡು ಆಫ್ ಮಾಡಬೇಕು.

ಎರಡನೆಯದು, ಮರಳಿ ಬರುವಾಗಿನ ತಡ. ಫೋನ್ ಬೇರೆ ನೆಟ್‌ವರ್ಕಿನಲ್ಲಿ ನೆಮ್ಮದಿಯಾಗಿರುವಾಗ ತವರನ್ನು ಎಡೆಬಿಡದೆ ಹುಡುಕುವುದಿಲ್ಲ. ಎಷ್ಟು ಹೊತ್ತಿಗೊಮ್ಮೆ ಹುಡುಕಬೇಕೆಂಬುದು ಸಿಮ್‌ನಲ್ಲೇ ಬರೆದಿರುತ್ತದೆ, ಅದು ಆರು ನಿಮಿಷದ ಮಡಿಗಳಲ್ಲಿ ಇರುತ್ತದೆ, ಏನೂ ಬರೆದಿರದಿದ್ದರೆ 60 ನಿಮಿಷ ಎಂದು ಇಟ್ಟುಕೊಳ್ಳಬೇಕೆನ್ನುವುದು ನಿಯಮ. ಸಮಾನವೆಂಬ ಪಟ್ಟಿ ಸರಿಯಾಗಿ ಸಿಗದ ಫೋನ್ ಗಡಿಯ ಊರುಗಳಲ್ಲಿ ನೆರೆವಲಯದ ಕ್ಷೀಣ ಸಿಗ್ನಲ್ಲಿಗೇ ಜೋತುಬಿದ್ದಿರುವುದು ಇದರಿಂದಲೇ. ಏರೋಪ್ಲೇನ್ ಮೋಡನ್ನು ಒಮ್ಮೆ ಆನ್ ಮಾಡಿ ಆಫ್ ಮಾಡಿದರೆ ಆಯ್ಕೆ ಹೊಸದಾಗಿ ಆರಂಭವಾಗುತ್ತದೆ.

ಕಡ್ಡಿ ಕಡಿಮೆ, ವೇಗ ಹೆಚ್ಚು

ಕಂಪನಿ ತೀರ್ಮಾನವಾದ ಮೇಲೆ ಬ್ಯಾಂಡಿನ ಪ್ರಶ್ನೆ. ನಮ್ಮ ಕಂಪನಿಗಳ 4ಜಿ ಸೇವೆ 700, 850, 900, 1800, 2100, 2300, 2500 ಮೆಗಾಹರ್ಟ್ಸ್‌ಗಳಲ್ಲಿ ಹರಡಿಕೊಂಡಿದೆ, ಒಂದೊಂದು ಕಂಪನಿಯ ಬಳಿ ಇವುಗಳಲ್ಲಿ ಕೆಲವು ಮಾತ್ರ ಇವೆ. 850ರಂತಹ ಕೆಳಗಿನ ಆವರ್ತನಗಳು ದೂರ ಸಾಗುತ್ತವೆ, ಗೋಡೆಗಳನ್ನು ತೂರಿ ಒಳಗೆ ಬರುತ್ತವೆ. ಆದರೆ ಅಲ್ಲಿ ಜಾಗ ಇಕ್ಕಟ್ಟು. 2300ರಂತಹ ಮೇಲಿನವು ಗೋಡೆಗೆ ಬೇಗ ಸೋಲುತ್ತವೆ; ಆದರೆ ಅಲ್ಲಿ ಜಾಗ ವಿಶಾಲವಾದ್ದರಿಂದ ಹೆಚ್ಚು ಜನರಿಗೆ ಹೆಚ್ಚು ವೇಗ ಕೊಡಬಹುದು. ಎಲ್ಲ ಫೋನುಗಳೂ ಬಲವಾದ ಸಿಗ್ನಲ್ಲನ್ನೇ ಹುಡುಕಿಕೊಂಡು ಹೋದರೆ 850 ಒಂದರಲ್ಲೇ ನೂಕುನುಗ್ಗಲಾಗುತ್ತದೆ. ಆದಕಾರಣ ಪ್ರತಿ ಟವರ್ ತನ್ನ ವ್ಯಾಪ್ತಿಯ ಫೋನುಗಳಿಗೆ ಬ್ಯಾಂಡ್‌ಗಳ ಆದ್ಯತೆಯನ್ನೂ ಪ್ರಸಾರ ಮಾಡುತ್ತದೆ, ಸಾಮಾನ್ಯವಾಗಿ ವಿಶಾಲವಾದ ಬ್ಯಾಂಡನ್ನೇ ಮೇಲಿಡುತ್ತದೆ.

ಇದರ ಪರಿಣಾಮ ಕೇಳಿದವರಿಗೆ ಸೋಜಿಗವೆನಿಸಬಹುದು. ಹೆಚ್ಚಿನ ಆದ್ಯತೆಯ ಬ್ಯಾಂಡ್ ಕಂಪನಿ ನಿಗದಿಪಡಿಸಿದ ಕನಿಷ್ಠ ಮಟ್ಟವನ್ನು ದಾಟಿ ಕೇಳಿಸಿತೆಂದರೆ ಸಾಕು, ಈಗಿರುವ ಬ್ಯಾಂಡ್ ಎಷ್ಟೇ ಬಲವಾಗಿದ್ದರೂ ಫೋನ್ ಅದನ್ನು ಬಿಟ್ಟು ಅತ್ತ ಹೋಗುತ್ತದೆ. ಕಡಿಮೆ ಆದ್ಯತೆಯದಕ್ಕೆ ಇಳಿಯುವುದಾದರೋ ಈಗಿನದು ನಿಗದಿತ ಮಟ್ಟಕ್ಕಿಂತ ಕುಸಿದಾಗ ಮಾತ್ರ. ಬಲಗಳನ್ನು ನೇರವಾಗಿ ಹೋಲಿಸುವುದು ಸಮಾನ ಆದ್ಯತೆಯ ಟವರ್‌ಗಳ ನಡುವೆ. ಅಲ್ಲಿಯೂ ಎರಡರ ನಡುವೆ ಸದಾ ಜೋಲಾಡದಂತೆ ಈಗಿರುವ ಟವರಿಗೆ ತುಸು ರಿಯಾಯಿತಿ ಸಿಗುತ್ತದೆ. ಒಟ್ಟಿನಲ್ಲಿ ಪಕ್ಕದವರ ಫೋನಿನಲ್ಲಿ ನಾಲ್ಕು ಕಡ್ಡಿ, ನಿಮ್ಮದರಲ್ಲಿ ಎರಡು ಎಂದಾಗ ನಿಮ್ಮದೇ ವೇಗವಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಕಡ್ಡಿಗಳನ್ನು ನೋಡಿ ಫೋನಿನ ಗುಣ ಅಳೆಯುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದನ್ನೂ ಕಂಪನಿಕಂಪನಿಗೆ, ಫೋನುಫೋನಿಗೆ ಬೇರೆ ಬೇರೆಯಾಗಿ ಇಟ್ಟಿರುತ್ತಾರೆ.

ಇಷ್ಟೂ ಫೋನ್ ಸುಮ್ಮನೆ ಜೇಬಿನಲ್ಲಿರುವಾಗಿನ ಮಾತು. ಕರೆ ನಡೆಯುತ್ತಿರುವಾಗ ಅಥವಾ ವಿಡಿಯೊ ಓಡುತ್ತಿರುವಾಗ ಆಯ್ಕೆಯ ಅಧಿಕಾರ ಫೋನಿನ ಕೈಯಲ್ಲಿ ಇರುವುದಿಲ್ಲ. ಅದು ಸುತ್ತಲಿನ ಟವರ್‌ಗಳನ್ನು ಅಳೆದು ವರದಿ ಒಪ್ಪಿಸುತ್ತದೆ, ಯಾವುದಕ್ಕೆ ಹೋಗಬೇಕೆಂದು ನೆಟ್‌ವರ್ಕ್ ಆದೇಶಿಸುತ್ತದೆ. ರಿಂಗ್ ರಸ್ತೆಯ ಒಂದೇ ಮೇಲ್ಸೇತುವೆಯ ಬಳಿ ಪ್ರತಿದಿನವೂ ಕರೆ ಕಡಿತಗೊಳ್ಳುತ್ತಿದ್ದರೆ ಫೋನನ್ನು ದೂರಿ ಪ್ರಯೋಜನವಿಲ್ಲ, ಅದು ಕಂಪನಿಯವರು ಸರಿಪಡಿಸಬೇಕಾದ ಸಂಗತಿ.

ಅಡುಗೆಮನೆಯಲ್ಲಿ ನಿಂತು ಅಳೆಯುವುದು

ಕಡ್ಡಿಗಳ ಬದಲು ಸಂಖ್ಯೆಗಳನ್ನು ನೋಡುವುದು ಕಷ್ಟವಲ್ಲ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಡಯಲ್ ಮಾಡುವಲ್ಲಿ *#*#4636#*#* ಎಂದು ಒತ್ತಿದರೆ ಫೋನಿನ ಮಾಹಿತಿಯ ಪುಟ ತೆರೆದುಕೊಳ್ಳುತ್ತದೆ. ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ *#0011#, ಐಫೋನಿನಲ್ಲಿ *3001#12345#* ಒತ್ತಿ ಕರೆಯ ಗುಂಡಿ ಅದುಮಬೇಕು. ಆ ಪುಟದಲ್ಲಿ ಬದಲಾಯಿಸಬಹುದಾದ ಆಯ್ಕೆಗಳೂ ಕಾಣಬಹುದು. ಅವನ್ನು ಮುಟ್ಟದೆ ಓದಿಕೊಂಡರೆ ಸಾಕು.

ಮುಖ್ಯವಾಗಿ ನೋಡಬೇಕಾದದ್ದು ಆರ್‌ಎಸ್‌ಆರ್‌ಪಿ. ಇದು ಟವರಿನಿಂದ ಬರುವ ಸಿಗ್ನಲ್ಲಿನ ಬಲ, ಋಣ ಸಂಖ್ಯೆಯಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. −80ರ ಆಸುಪಾಸು ಬಹಳ ಚೆನ್ನ, −100 ಸಾಧಾರಣ, −110 ದುರ್ಬಲ, −120 ತಲುಪಿದರೆ ನೆಟ್‌ವರ್ಕ್ ಹೋಗುವ ಅಂಚು. ಹತ್ತು ಇಳಿದರೆ ಬಲ ಹತ್ತನೆಯ ಒಂದು ಭಾಗವಾಯಿತೆಂದು ಅರ್ಥ. ಎರಡನೆಯದು ಆರ್‌ಎಸ್‌ಆರ್‌ಕ್ಯೂ, ಅಂದರೆ ಸಿಗ್ನಲ್ಲಿನ ಶುದ್ಧಿ. −10ರ ಸುತ್ತ ಇದ್ದರೆ ಒಳ್ಳೆಯದು, −15ಕ್ಕಿಂತ ಕೆಳಗಿಳಿದರೆ ಗದ್ದಲ ಹೆಚ್ಚಾಗಿದೆ ಎನ್ನಬಹುದು. ಮೂರನೆಯದು ಬ್ಯಾಂಡ್. ಕೆಲವು ಫೋನುಗಳು ಬ್ಯಾಂಡನ್ನು ನೇರವಾಗಿ ಹೇಳದೆ ಇಎಆರ್‌ಎಫ್‌ಸಿಎನ್ ಎಂಬ ಸಂಖ್ಯೆಯನ್ನು ಮಾತ್ರ ತೋರಿಸುತ್ತವೆ: 0ರಿಂದ 599ರವರೆಗೆ ಇದ್ದರೆ 2100, 1200ರಿಂದ 1949 ಇದ್ದರೆ 1800, 2400ರಿಂದ 2649 ಇದ್ದರೆ 850, 3450ರಿಂದ 3799 ಇದ್ದರೆ 900, 38650ರಿಂದ 39649 ಇದ್ದರೆ 2300, ಅಲ್ಲಿಂದ ಮುಂದೆ 41589ರವರೆಗೆ 2500.

ಈಗ ಫೋನನ್ನು ಕೈಯಲ್ಲಿ ಹಿಡಿದು ಮನೆಯೊಳಗೆ ನಿಧಾನವಾಗಿ ನಡೆಯಿರಿ. ಬಾಲ್ಕನಿಯಲ್ಲಿ 2300ರ ಬ್ಯಾಂಡಿನಲ್ಲಿ −88 ತೋರಿಸಿತು ಎಂದುಕೊಳ್ಳೋಣ. ಹಜಾರಕ್ಕೆ ಬಂದಾಗ −101. ಅಡುಗೆಮನೆಯ ಮೂಲೆಯಲ್ಲಿ, ಫ್ರಿಜ್ಜಿನ ಪಕ್ಕದಲ್ಲಿ, −114. ಅಂದರೆ ಬಾಲ್ಕನಿಯ ಬಲದ ನಾಲ್ಕುನೂರನೆಯ ಒಂದು ಪಾಲು. ಕೆಲವು ಸೆಕೆಂಡು ಅಲ್ಲಿಯೇ ನಿಲ್ಲಿ. ಬ್ಯಾಂಡ್ 850ಕ್ಕೆ ಬದಲಾಗಿ ಸಂಖ್ಯೆ −97ಕ್ಕೆ ಏರಿದರೆ, ಕಡ್ಡಿಗಳೂ ಒಮ್ಮೆಗೇ ಹೆಚ್ಚಾದರೆ, ಮೇಲೆ ಹೇಳಿದ ಆದ್ಯತೆಯ ಆಟ ನಿಮ್ಮ ಕಣ್ಣೆದುರೇ ನಡೆದಂತೆ. ಕರೆಗಳು ಈಗ ಸ್ಪಷ್ಟವಾಗುತ್ತವೆ, ವಿಡಿಯೊ ಮಾತ್ರ ನಿಂತು ನಿಂತು ಬರಬಹುದು. ಬದಲಾವಣೆಯೇ ಆಗದೆ −118ಕ್ಕೆ ಇಳಿದು ನೆಟ್‌ವರ್ಕ್ ಹೋಯಿತೆಂದರೆ ಆ ಕಂಪನಿಗೆ ನಿಮ್ಮ ಭಾಗದಲ್ಲಿ ಕೆಳಗಿನ ಬ್ಯಾಂಡ್ ಇಲ್ಲ, ಅಥವಾ ನಿಮ್ಮ ಫೋನಿಗೆ ಆ ಬ್ಯಾಂಡ್ ಬರುವುದಿಲ್ಲ. ವಿದೇಶದಿಂದ ತರಿಸಿದ ಫೋನುಗಳಲ್ಲಿ ಈ ಎರಡನೆಯ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು. ಮಾದರಿಯ ಸಂಖ್ಯೆಯನ್ನು ಹಿಡಿದು ತಯಾರಕರ ಜಾಲತಾಣದಲ್ಲಿ ಬ್ಯಾಂಡ್‌ಗಳ ಪಟ್ಟಿಯನ್ನು ನೋಡಿದರೆ ತಿಳಿಯುತ್ತದೆ.

ಅದೇ ಪುಟದಲ್ಲಿ ಸೆಲ್ ಐಡಿ ಎಂಬ ದೊಡ್ಡ ಸಂಖ್ಯೆಯೂ ಇರುತ್ತದೆ. 4ಜಿಯಲ್ಲಿ ಅದನ್ನು ಸಾಮಾನ್ಯವಾಗಿ 256ರಿಂದ ಭಾಗಿಸಿದಾಗ ಬರುವ ಪೂರ್ಣಾಂಕ ಟವರಿನ ಸಂಖ್ಯೆ, ಉಳಿಯುವ ಶೇಷ ಆ ಟವರಿನ ಯಾವ ಭಾಗ ಎಂಬುದರ ಸಂಖ್ಯೆ. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ದೂರು ಕೊಡುವಾಗ ಬೇಕಾಗುತ್ತದೆ.

ಎತ್ತರ, ಆಳ, ಜನಸಂದಣಿ

ಬೆಂಗಳೂರಿನ ಮೂರು ಬಗೆಯ ಸ್ಥಳಗಳಲ್ಲಿ ಈ ಸಂಖ್ಯೆಗಳು ದಾರಿ ತಪ್ಪಿಸುತ್ತವೆ. ಮೊದಲನೆಯದು ಬಹುಮಹಡಿ ವಸತಿ ಸಮುಚ್ಚಯ. ವೈಟ್‌ಫೀಲ್ಡ್ ಕಡೆಯ ಇಪ್ಪತ್ತನೆಯ ಮಹಡಿಯಲ್ಲಿ ನಿಂತವರಿಗೆ ಆರ್‌ಎಸ್‌ಆರ್‌ಪಿ ಚೆನ್ನಾಗಿಯೇ ಇರುತ್ತದೆ, ಆದರೂ ಮಾತು ಒಡೆಯುತ್ತದೆ. ಟವರಿನ ಆಂಟೆನಾಗಳನ್ನು ರಸ್ತೆಯಲ್ಲಿರುವವರಿಗಾಗಿ ಕೆಳಮುಖವಾಗಿ ಬಾಗಿಸಿರುತ್ತಾರೆ, ಮೇಲಿನ ಮಹಡಿಗೆ ಬರುವುದು ಅದರ ಅಂಚಿನ ಸಿಗ್ನಲ್ ಮಾತ್ರ. ಅದರ ಜೊತೆಗೆ ಅಡ್ಡಿಯಿಲ್ಲದ ಬಯಲಿನಾಚೆಯ ಎಷ್ಟೋ ದೂರದ ಟವರ್‌ಗಳು ಹೆಚ್ಚುಕಡಿಮೆ ಒಂದೇ ಬಲದಲ್ಲಿ ಕೇಳಿಸುತ್ತವೆ, ಒಂದರ ಮಾತಿಗೆ ಇನ್ನೊಂದು ಅಡ್ಡ ಬರುತ್ತದೆ. ಆರ್‌ಎಸ್‌ಆರ್‌ಕ್ಯೂ ನೋಡಿದರೆ ಕಾರಣ ಬಯಲಾಗುತ್ತದೆ. 1478 ಮೀಟರ್ ಎತ್ತರದ ನಂದಿ ಬೆಟ್ಟದ ಅಂಚಿನಲ್ಲಿ ನಿಂತಾಗಲೂ ಹೀಗೆಯೇ ಆಗಬಹುದು. ಇಂತಹ ಮನೆಗಳಲ್ಲಿ ಕಿಟಕಿಯ ಬಳಿ ಹೋಗುವುದಕ್ಕಿಂತ ಒಳಗೆ ಸರಿಯುವುದು ಮೇಲು, ಏಕೆಂದರೆ ಗೋಡೆ ದೂರದ ಗದ್ದಲವನ್ನೂ ತಡೆಯುತ್ತದೆ. ನೆಲೆಯಾದ ಪರಿಹಾರವೆಂದರೆ ವೈ-ಫೈ ಕರೆಯ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳುವುದು. ಮನೆಯ ಬ್ರಾಡ್‌ಬ್ಯಾಂಡ್ ಮೂಲಕವೇ ಮಾಮೂಲಿ ನಂಬರಿನ ಕರೆ ಹೋಗುತ್ತದೆ.

ಎರಡನೆಯದು ನೆಲದಾಳ. ನಮ್ಮ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್, ವಿಧಾನಸೌಧ, ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ಮುಂತಾದ ನಿಲ್ದಾಣಗಳು ನೆಲದಡಿಯಲ್ಲಿವೆ. ಹೊರಗಿನ ಟವರಿನ ಸಿಗ್ನಲ್ ಅಲ್ಲಿಗೆ ತಲುಪುವುದಿಲ್ಲ, ಒಳಗೇ ಆಂಟೆನಾ ಹಾಕಿದ್ದರೆ ಮಾತ್ರ ಸಿಗ್ನಲ್. ಅದಿಲ್ಲದ ಕಡೆ ಫೋನ್ ತನ್ನ ಕಂಪನಿಯನ್ನು ಎಲ್ಲ ಬ್ಯಾಂಡ್‌ಗಳಲ್ಲೂ ಹುಡುಕುತ್ತದೆ, ಸಿಗದಿದ್ದರೆ ಬ್ಯಾಟರಿ ಉಳಿಸಲು ಹುಡುಕಾಟದ ನಡುವಿನ ಅಂತರವನ್ನು ಕ್ರಮೇಣ ಹೆಚ್ಚಿಸುತ್ತದೆ. ಮೇಲೆ ಬಂದ ಮೇಲೂ ಕೆಲಹೊತ್ತು ನೆಟ್‌ವರ್ಕ್ ಬಾರದಿರುವುದು ಆ ಅಂತರದ ಫಲ.

ಮೂರನೆಯದು ಜನಸಂದಣಿ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ನಡೆಯುವಾಗ ಕಡ್ಡಿಗಳು ಪೂರ್ತಿ ಇರುತ್ತವೆ, ಒಂದು ಚಿತ್ರವೂ ಹೋಗುವುದಿಲ್ಲ. ಸುಮ್ಮನೆ ಕುಳಿತ ಫೋನಿಗೆ ಟವರಿನ ಬಲ ಗೊತ್ತು, ಅದರ ಮೇಲೆ ಎಷ್ಟು ಜನರ ಭಾರವಿದೆ ಎಂಬುದು ಗೊತ್ತಿಲ್ಲ. ಅಲ್ಲಿ 5ಜಿಯಿಂದ 4ಜಿಗೆ ಅಥವಾ 4ಜಿಯಿಂದ 5ಜಿಗೆ ಕೈಯಾರೆ ಬದಲಿಸಿ ನೋಡಬಹುದು, ಎರಡು ಕಂಪನಿಗಳ ಸಿಮ್ ಇದ್ದರೆ ಡೇಟಾವನ್ನು ಇನ್ನೊಂದಕ್ಕೆ ತಿರುಗಿಸಬಹುದು. ಇದಕ್ಕಿಂತ ಹೆಚ್ಚು ಮಾಡಲು ನಮ್ಮ ಕೈಯಲ್ಲಿ ಏನೂ ಇಲ್ಲ.

5ಜಿ ಎಂಬ ಗುರುತು

2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಸೇವೆಗೆ ಚಾಲನೆ ಸಿಕ್ಕಿತು. ಏರ್‌ಟೆಲ್ ಮೊದಲು ಆರಿಸಿಕೊಂಡ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು, ಜಿಯೋದ ಸೇವೆ ಇಲ್ಲಿಗೆ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ಎರಡರ ಕಟ್ಟಡ ಬೇರೆ ಬೇರೆ. ಜಿಯೋದು ಸ್ವತಂತ್ರವಾಗಿ ನಿಂತ 5ಜಿ, ಫೋನ್ ನೇರವಾಗಿ 5ಜಿ ಟವರಿನಲ್ಲೇ ನೋಂದಣಿಯಾಗುತ್ತದೆ. ಏರ್‌ಟೆಲ್ ಆರಂಭಿಸಿದ್ದು 4ಜಿಯ ಆಸರೆಯಲ್ಲಿ ನಿಲ್ಲುವ 5ಜಿ. ಅದರಲ್ಲಿ ಫೋನ್ ಆರಿಸಿಕೊಳ್ಳುವುದು 4ಜಿ ಟವರನ್ನೇ, ಡೇಟಾ ಬೇಕಾದಾಗ 5ಜಿಯನ್ನು ಜೊತೆಗೆ ಸೇರಿಸುವುದು ನೆಟ್‌ವರ್ಕಿನ ಕೆಲಸ. ಈ ಎರಡನೆಯ ಬಗೆಯಲ್ಲಿ 'ಇಲ್ಲಿ 5ಜಿ ಲಭ್ಯ' ಎಂದು 4ಜಿ ಟವರ್ ಸಾರಿದರೆ ಸಾಕು, ಒಂದು ಅಕ್ಷರವೂ 5ಜಿಯಲ್ಲಿ ಹರಿಯದಿದ್ದರೂ ಅನೇಕ ಫೋನುಗಳು 5ಜಿ ಎಂದು ತೋರಿಸುತ್ತವೆ. ಗುರುತಿದೆ, ವೇಗವಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣ. 5ಜಿ ಬಂದು ಹೋಗುವ ಅಂಚಿನ ಪ್ರದೇಶದಲ್ಲಿ ಮನೆಯಿದ್ದು, ಕರೆಗಳು ತೊಡಕಾಗಿ ಬ್ಯಾಟರಿಯೂ ಬೇಗ ಇಳಿಯುತ್ತಿದ್ದರೆ ಮನೆಯಲ್ಲಿರುವಷ್ಟು ಹೊತ್ತು 4ಜಿಗೆ ಇಟ್ಟುಕೊಳ್ಳುವುದರಲ್ಲಿ ನಷ್ಟವೇನೂ ಇಲ್ಲ.

ಆಫ್ ಮಾಡಿ ಆನ್ ಮಾಡುವುದು ಏಕೆ ಫಲಿಸುತ್ತದೆ

ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಬೇಕಾಗಿಲ್ಲ. ಫೋನ್ ನೋಂದಣಿಗೆ ಕೇಳಿಕೊಂಡಾಗ ನೆಟ್‌ವರ್ಕ್ ನಿರಾಕರಿಸಬಹುದು, ನಿರಾಕರಣೆಯೊಂದಿಗೆ ಕಾರಣದ ಸಂಖ್ಯೆಯನ್ನೂ ಕಳುಹಿಸುತ್ತದೆ. 'ಈ ನೆಟ್‌ವರ್ಕ್ ನಿನಗಿಲ್ಲ' ಎಂಬ ಉತ್ತರ ಬಂದರೆ ಅದರ ಸಂಕೇತ ಸಿಮ್ಮಿನ ನಿಷೇಧಿತ ಪಟ್ಟಿಗೆ ಸೇರುತ್ತದೆ, ಫೋನ್ ಆಫ್ ಮಾಡಿದರೂ ಅಳಿಯುವುದಿಲ್ಲ. 'ಈ ಪ್ರದೇಶದಲ್ಲಿ ನಿನಗಿಲ್ಲ' ಎಂಬ ಉತ್ತರ ಬಂದರೆ ಆ ಪ್ರದೇಶ ಬೇರೊಂದು ಪಟ್ಟಿಗೆ ಸೇರುತ್ತದೆ. ಅದು ಫೋನ್ ಆಫ್ ಮಾಡಿದಾಗ ಅಳಿಯುತ್ತದೆ, ಇಲ್ಲವಾದರೆ 12ರಿಂದ 24 ಗಂಟೆಗಳಿಗೊಮ್ಮೆ ತಾನಾಗಿ ಅಳಿಯುತ್ತದೆ. ಉತ್ತರವೇ ಬಾರದೆ ಐದು ಸಲ ಪ್ರಯತ್ನ ವಿಫಲವಾದರೆ 4ಜಿ ಫೋನ್ ಸುಮಾರು 12 ನಿಮಿಷ ಮೌನವಾಗಿರಬೇಕೆಂಬುದು ಮಾಮೂಲಿ ನಿಯಮ. ಕಂಪನಿಯ ಕಡೆ ಕ್ಷಣಕಾಲ ಉಂಟಾದ ತೊಡಕು ಸರಿಹೋದ ಮೇಲೂ ನಿಮ್ಮ ಫೋನ್ ಮಾತ್ರ ಸತ್ತಂತಿರುವುದು ಇಂತಹ ಕಾಯುವಿಕೆಯಲ್ಲಿ ಸಿಕ್ಕಿಕೊಂಡಾಗ. ಏರೋಪ್ಲೇನ್ ಮೋಡ್ ಈ ಗಡಿಯಾರವನ್ನು ಮುರಿಯುತ್ತದೆ, ಪೂರ್ತಿ ಆಫ್ ಮಾಡುವುದು ಪ್ರದೇಶದ ಪಟ್ಟಿಯನ್ನೂ ಅಳಿಸುತ್ತದೆ. ಆದ್ದರಿಂದ ಮೊದಲು ಏರೋಪ್ಲೇನ್ ಮೋಡ್, ಫಲಿಸದಿದ್ದರೆ ಆಫ್ ಮಾಡಿ ಆನ್ ಮಾಡುವುದು ಎಂಬ ಕ್ರಮ ಸರಿಯಾದದ್ದು.

ಸಿಮ್ಮಿನ ನಿಷೇಧಿತ ಪಟ್ಟಿಯಲ್ಲಿ ನಿಮ್ಮದೇ ನೆಟ್‌ವರ್ಕ್ ಸಿಕ್ಕಿಕೊಂಡಿದೆ ಎಂಬ ಅನುಮಾನವಿದ್ದರೆ, ಅಂದರೆ ರೀಚಾರ್ಜ್ ಇದೆ, ಪಕ್ಕದವರಿಗೆ ಅದೇ ಕಂಪನಿ ಸಿಗುತ್ತಿದೆ, ನಿಮಗೆ ಮಾತ್ರ ಇಲ್ಲ ಎಂದಾದರೆ, ಸೆಟ್ಟಿಂಗ್ಸ್‌ನ ಮೊಬೈಲ್ ನೆಟ್‌ವರ್ಕ್ ವಿಭಾಗದಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ತೆರೆದು 'ಸ್ವಯಂಚಾಲಿತ' ಎಂಬುದನ್ನು ಆಫ್ ಮಾಡಿ. ಫೋನ್ ಸುತ್ತಲಿನ ಎಲ್ಲ ಕಂಪನಿಗಳನ್ನೂ ಹುಡುಕಿ ಪಟ್ಟಿ ಮಾಡುತ್ತದೆ, ಇದಕ್ಕೆ ಕೆಲವು ನಿಮಿಷ ಹಿಡಿಯಬಹುದು. ನಿಮ್ಮ ಕಂಪನಿಯ ಹೆಸರನ್ನು ಒತ್ತಿ. ನೋಂದಣಿಯಾದರೆ ಅದು ನಿಷೇಧಿತ ಪಟ್ಟಿಯಿಂದ ಹೊರಬರುತ್ತದೆ. ಕೂಡಲೇ ಮರೆಯದೆ 'ಸ್ವಯಂಚಾಲಿತ' ಎಂಬುದನ್ನು ಮತ್ತೆ ಆನ್ ಮಾಡಬೇಕು. ಕೈಯಾರೆ ಆರಿಸಿದ ನೆಟ್‌ವರ್ಕ್ ಕಳೆದುಹೋದರೆ ಫೋನ್ ಬೇರೆಯದಕ್ಕೆ ಹೋಗದೆ ಅದಕ್ಕಾಗಿಯೇ ಕಾಯುತ್ತದೆ. ಊರು ಬಿಟ್ಟು ಹೋದವರ ಫೋನ್ ದಿನವಿಡೀ ಮೂಕವಾಗಿರುವ ಪ್ರಸಂಗಗಳಲ್ಲಿ ಕಾರಣ ಎಷ್ಟೋ ಸಲ ಇಷ್ಟೇ ಆಗಿರುತ್ತದೆ. ಹಾಗೆಯೇ, ಆ ಪಟ್ಟಿಯಲ್ಲಿ ಕಾಣುವ ಬೇರೆ ಕಂಪನಿಗಳನ್ನು ಒತ್ತಿ ಪರೀಕ್ಷಿಸುವುದರಿಂದ ಅವೂ ನಿಷೇಧಿತ ಪಟ್ಟಿಗೆ ಸೇರುತ್ತವೆಯೇ ಹೊರತು ಬೇರೆ ಲಾಭವಿಲ್ಲ.

ಉಳಿದ ಸೆಟ್ಟಿಂಗ್‌ಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಕರೆಯನ್ನು 4ಜಿಯ ಮೂಲಕವೇ ಸಾಗಿಸುವ ವಿಒಎಲ್‌ಟಿಇ ಎಂಬ ಆಯ್ಕೆ ಆನ್ ಇರಲಿ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ, ಏರ್‌ಟೆಲ್ 3ಜಿಯನ್ನು ಮುಚ್ಚಿ ಕೆಲವು ವರ್ಷಗಳಾಗಿವೆ; ಈ ಆಯ್ಕೆ ಆಫ್ ಆಗಿದ್ದರೆ ಕರೆ ಬಂದಾಗಲೆಲ್ಲ ಫೋನ್ 4ಜಿಯನ್ನು ಬಿಟ್ಟು 2ಜಿಗೆ ಇಳಿಯುತ್ತದೆ, ಇಲ್ಲವೇ ಕರೆಯೇ ಬರುವುದಿಲ್ಲ. ಆಂಡ್ರಾಯ್ಡ್ 12ರಿಂದ ಈಚೆಗೆ ಕೆಲವು ಫೋನುಗಳಲ್ಲಿ '2ಜಿಗೆ ಅನುಮತಿ' ಎಂಬ ಆಯ್ಕೆ ಬಂದಿದೆ. 2ಜಿಯಲ್ಲಿ ಫೋನ್ ತಾನು ಸೇರುತ್ತಿರುವ ಟವರ್ ಅಸಲಿಯೇ ನಕಲಿಯೇ ಎಂದು ಪರೀಕ್ಷಿಸಲಾರದು, ಹೀಗಾಗಿ ನಗರದೊಳಗೆ ಅದನ್ನು ಆಫ್ ಇಡುವುದು ಸುರಕ್ಷಿತ. ಮಲೆನಾಡಿನ ಕಡೆಗೆ ಹೊರಟಾಗ ಆನ್ ಮಾಡಿಕೊಳ್ಳಿ, ಅಲ್ಲಿ ಕೆಲವೆಡೆ ಸಿಗುವುದು ಅದೊಂದೇ ಇರಬಹುದು.

ಸಿಮ್ ಸರಿಯಿದ್ದು ಬೇರೆ ಫೋನಿನಲ್ಲಿ ಕೆಲಸ ಮಾಡುತ್ತಿದ್ದರೆ, ನಿಮ್ಮ ಫೋನಿನಲ್ಲಿ ಯಾವ ಸಿಮ್ಮೂ ನೋಂದಣಿಯಾಗದಿದ್ದರೆ ಅನುಮಾನ ಐಎಂಇಐ ಮೇಲೆ, ಅಂದರೆ ಫೋನಿನದೇ ಗುರುತಿನ ಸಂಖ್ಯೆಯ ಮೇಲೆ, ಹೋಗಬೇಕು. ಕಳುವಾದದ್ದೆಂದು ದೂರು ದಾಖಲಾದ ಫೋನಿನ ಐಎಂಇಐಯನ್ನು ದೇಶದ ಎಲ್ಲ ನೆಟ್‌ವರ್ಕ್‌ಗಳಲ್ಲೂ ತಡೆಹಿಡಿಯುವ ವ್ಯವಸ್ಥೆಯಿದೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು *#06# ಒತ್ತಿ ಸಂಖ್ಯೆಯನ್ನು ತಿಳಿದು, ಸಂಚಾರ್ ಸಾಥಿ ಜಾಲತಾಣದಲ್ಲಿ ಪರೀಕ್ಷಿಸಿದ ಮೇಲೆಯೇ ಹಣ ಕೊಡುವುದು ಕ್ಷೇಮ.

ದೂರು, ಕೊನೆಗೆ ಪೋರ್ಟ್

ಇಷ್ಟೆಲ್ಲ ಮಾಡಿದ ಮೇಲೂ ತೊಂದರೆ ಉಳಿದರೆ 198ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. 'ನೆಟ್‌ವರ್ಕ್ ಸರಿಯಿಲ್ಲ' ಎಂದಷ್ಟೇ ಹೇಳಿದರೆ ಫೋನನ್ನು ರೀಸ್ಟಾರ್ಟ್ ಮಾಡಿ ಎಂಬ ಉತ್ತರ ಬರುತ್ತದೆ. ಅದರ ಬದಲು ಬಡಾವಣೆ, ಅಡ್ಡರಸ್ತೆ, ಮಹಡಿ, ತೊಂದರೆಯಾಗುವ ಹೊತ್ತು, ಬ್ಯಾಂಡ್, ಆರ್‌ಎಸ್‌ಆರ್‌ಪಿ, ಬರೆದಿಟ್ಟುಕೊಂಡ ಸೆಲ್ ಐಡಿ ಇವಿಷ್ಟನ್ನೂ ಹೇಳಿ, ದೂರಿನ ಸಂಖ್ಯೆಯನ್ನು ಪಡೆದುಕೊಳ್ಳಿ. ಟವರ್ ಯಾವುದು, ಅದರ ಯಾವ ಭಾಗ ಎಂಬ ವಿವರ ಕೈಗೆ ಬಂದರೆ ತಾಂತ್ರಿಕ ವಿಭಾಗದವರು ಹುಡುಕಾಡಬೇಕಾಗಿಲ್ಲ.

ಬೇರೆ ಕಂಪನಿಗೆ ಹೋಗಲು ನಿರ್ಧರಿಸಿದರೆ ಮೊದಲು ಅದರ ವ್ಯಾಪ್ತಿಯ ನಕ್ಷೆಯನ್ನು ನೋಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಹೊರಡಿಸಿದ ಗುಣಮಟ್ಟದ ನಿಯಮಗಳಂತೆ ಕಂಪನಿಗಳು ಇದನ್ನು ತಮ್ಮ ಜಾಲತಾಣಗಳಲ್ಲಿ ಪ್ರಕಟಿಸಬೇಕು. ಆದರೆ ನಕ್ಷೆ ಹೇಳುವುದು ಮನೆಯ ಹೊರಗಿನ ಕತೆ. ಆ ಕಂಪನಿಯ ಸಿಮ್ ಇರುವ ನೆಂಟರೋ ಗೆಳೆಯರೋ ಮನೆಗೆ ಬಂದಾಗ ಅವರ ಫೋನನ್ನು ಕೇಳಿ ಪಡೆದು, ಮೇಲೆ ಹೇಳಿದ ಪುಟವನ್ನು ತೆರೆದು, ಬಾಲ್ಕನಿಯಿಂದ ಮಲಗುವ ಕೋಣೆಯವರೆಗೆ ಒಮ್ಮೆ ನಡೆದು ಸಂಖ್ಯೆಗಳನ್ನು ಬರೆದುಕೊಳ್ಳಿ. ಅವು ತೃಪ್ತಿಕರವಾಗಿದ್ದರೆ 'ಪೋರ್ಟ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರನ್ನು ಸೇರಿಸಿ 1900ಕ್ಕೆ ಎಸ್ಎಂಎಸ್ ಕಳುಹಿಸಿ. ಮರಳಿ ಬರುವ ಸಂಕೇತ ನಮ್ಮ ವಲಯದಲ್ಲಿ ನಾಲ್ಕು ದಿನ ಮಾತ್ರ ಊರ್ಜಿತವಾಗಿರುತ್ತದೆ, ಅಷ್ಟರೊಳಗೆ ಆಧಾರ್ ಜೊತೆಗೆ ಹೊಸ ಕಂಪನಿಯ ಮಳಿಗೆಗೆ ಹೋಗಬೇಕು. ಹಳೆಯ ಸಿಮ್ ನಿಷ್ಕ್ರಿಯವಾಗಿ ಹೊಸದು ಚಾಲ್ತಿಗೆ ಬರುವವರೆಗೆ ಬ್ಯಾಂಕಿನ ಒಟಿಪಿಗಳು ಬರುವುದಿಲ್ಲವಾದ್ದರಿಂದ, ಹಣ ಕಟ್ಟಬೇಕಾದ ಕೆಲಸಗಳಿದ್ದರೆ ಅದಕ್ಕೆ ಮೊದಲೇ ಮುಗಿಸಿಕೊಳ್ಳಿ.